ಮೇಲೋಣಿಯ ಹಗೇವುಗಳು

ನಮ್ಮೂರಿನಲ್ಲಿ ವಿಮೆ ಎಂದರೆ ಬೆಳೆ ವಿಮೆ. ಹೆಸರುಕಾಳಿಗೆ, ಹತ್ತಿಗೆ, ಗೋವಿನಜೋಳಕ್ಕೆ ಕಂತು ಕಟ್ಟುತ್ತಾರೆ. ಮಳೆ ಕೈಕೊಟ್ಟ ವರ್ಷ ಪರಿಹಾರ ಬಂತೋ ಇಲ್ಲವೋ ಎಂದು ಚಹಾದಂಗಡಿಯಲ್ಲಿ ಕೂತು ಬೈದಾಡುತ್ತಾರೆ. ಮನೆಗೂ ವಿಮೆ ಮಾಡಿಸಬಹುದು ಎಂದು ನಾನು ಮಹಿಳಾ ಸಂಘದ ಸಭೆಯಲ್ಲಿ ಹೇಳಿದಾಗ ಒಬ್ಬಾಕೆ, ಮನೆಯನ್ನು ಮುಂಗಾರಿಗೆ ಬಿತ್ತಬೇಕೋ ಹಿಂಗಾರಿಗೋ ಎಂದು ಕೇಳಿದಳು. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಆದರೂ ಸಂಘದ ಬರೆಯುವ ಕೆಲಸ ವರ್ಷಗಟ್ಟಲೆಯಿಂದ ನನ್ನ ಕೊರಳಿಗೇ ಬಿದ್ದಿದೆ. ಕಚೇರಿಗಳಲ್ಲಿ ಮಾತಾಡಲು ಬಾಯಿ ಜೋರಿದ್ದವಳೊಬ್ಬಳು ಬೇಕಲ್ಲ, ಅದಕ್ಕೆ.

ನಮ್ಮದು ನವಲಗುಂದ ತಾಲೂಕಿನ ಎರೆಮಣ್ಣಿನ ಊರು. ಒಂದು ಮಗ್ಗುಲಿಗೆ ಹಳ್ಳ. ಬೇಸಿಗೆಯಲ್ಲಿ ಆಡುಗಳು ಕಾಲು ನೆನೆಯದೆ ದಾಟುವ ಹಳ್ಳ ಅದು. ಮೇಲೆಲ್ಲೋ ಹುಬ್ಬಳ್ಳಿಯ ಕಡೆ ಮಳೆ ಸುರಿದರೆ ಸಾಕು, ಇಲ್ಲಿ ಒಂದು ಹನಿ ಬೀಳದಿದ್ದರೂ ಉಕ್ಕಿ ಬರುತ್ತದೆ. ದಂಡೆಯ ಸಾಲಿಗೆ ಹಳ್ಳದೋಣಿ ಎನ್ನುತ್ತೇವೆ, ಏರಿನ ಮೇಲೆ ಗುಡಿಯ ಸುತ್ತ ಇರುವುದು ಮೇಲೋಣಿ. ನಮ್ಮ ಮನೆ ಮೇಲೋಣಿಯಲ್ಲಿದೆ. ಹಳ್ಳ ಬಂದಾಗ ಕೆಳಗಿನವರು ಮೇಲೆ ಬರುತ್ತಾರೆ, ನಾವು ಅವರಿಗೆ ರೊಟ್ಟಿ ಬಡಿದು ಹಾಕುತ್ತೇವೆ, ನೀರಿಳಿದ ಮೇಲೆ ಹೋಗುತ್ತಾರೆ. ಇದನ್ನೇ ದೊಡ್ಡ ಉಪಕಾರವೆಂದು ಮೇಲೋಣಿಯವರು ವರ್ಷವಿಡೀ ಹೇಳಿಕೊಂಡು ತಿರುಗುತ್ತಿದ್ದೆವು.

ಹಳ್ಳದೋಣಿಯ ಕೊನೆಯ ಮನೆ ಖಾಲಾನದು. ಖಾಲಾ ಅಂದರೆ ಅವರ ಮಾತಿನಲ್ಲಿ ಚಿಕ್ಕಮ್ಮ, ಆದರೆ ಊರಿಗೆಲ್ಲ ಆಕೆ ಖಾಲಾನೇ, ಹಿರಿಯರಿಗೂ ಕಿರಿಯರಿಗೂ. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಒಬ್ಬ ಮಗಳಿದ್ದಾಳೆ. ತಾಯಿ ಮಗಳು ಮನೆಯಲ್ಲೇ ಜಮಖಾನ ನೇಯುತ್ತಾರೆ. ಆ ಮಗ್ಗ ನಿಂತ ಮಗ್ಗ. ಅದರ ಕಂಬಗಳನ್ನು ಹಿಂದಿನ ಗೋಡೆಗೆ ಒತ್ತಿ ನೆಲದಲ್ಲಿ ಹೂತಿರುತ್ತಾರೆ. ಪಾತ್ರೆ ಪಡಗವನ್ನು ತಲೆಯ ಮೇಲೆ ಹೊತ್ತು ಬರಬಹುದು, ಮಗ್ಗವನ್ನು ಹೊತ್ತು ಬರಲಾಗದು. ನಾನು ಕಂಡಂತೆ ಆ ಗೋಡೆ ಎರಡು ಸಲ ಬಿದ್ದಿದೆ. ಎರಡು ಸಲವೂ ಖಾಲಾ ಮಣ್ಣು ಕಲೆಸಿ ತಾನೇ ಎಬ್ಬಿಸಿದಳು.

ಅದೇ ಕಾರಣಕ್ಕೆ ವಿಮೆ ಕೇಳಲು ನವಲಗುಂದಕ್ಕೆ ಹೋದಾಗ ಆಕೆಯನ್ನೇ ಜೊತೆಗೆ ಕರೆದುಕೊಂಡು ಹೋದೆ. ವಿಮಾ ಕಚೇರಿಯ ಸಾಹೇಬರು ಸಣ್ಣ ವಯಸ್ಸಿನವರು, ಕುರ್ಚಿ ಕೊಟ್ಟು ಮಾತಾಡಿಸಿದರು. ಸುತ್ತಿಬಳಸಲಿಲ್ಲ. ಹಳ್ಳದೋಣಿಯ ಮನೆಗಳಷ್ಟೇ ಬಂದರೆ ಒಂದೊಂದು ಮನೆಯ ಕಂತಿಗೆ ವರ್ಷಕ್ಕೆ ಎರಡು ಕುರಿ ಮಾರಬೇಕಾದೀತು ಎಂದು ತಿಳಿಯುವ ಹಾಗೆ ಹೇಳಿದರು. ನೀರು ನುಗ್ಗುವುದು ಖಾತ್ರಿ ಇರುವ ಮನೆಗಳನ್ನಷ್ಟೇ ತಂದರೆ ಯಾವ ಕಂಪನಿಗೂ ಕಡಿಮೆ ದರ ಹಾಕಲು ಆಗುವುದಿಲ್ಲವಂತೆ. ಆದರೆ ಇಡೀ ಊರು, ನೀರು ಬರುವ ಮನೆ ಬಾರದ ಮನೆ ಎಲ್ಲ ಒಂದೇ ಗುಂಪಾಗಿ ಬಂದರೆ ಮನೆಗೊಂದು ಸಾದಾ ಸೀರೆಯ ಬೆಲೆಯಲ್ಲಿ ಮುಗಿಯುತ್ತದೆ ಎಂದರು. ಖಾಲಾ ಸೆರಗು ಸರಿಮಾಡಿಕೊಂಡು ಎದ್ದಳು. ಮೇಲೋಣಿ ಸೇರುವುದಿಲ್ಲ ಎಂಬುದು ನನಗಿಂತ ಮೊದಲು ಆಕೆಗೆ ತಿಳಿದಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಖಾಲಾ ಹೇಳಿದಳು.

"ಇನ್ನೊಂದ್ ಸಲ ಆ ಗ್ವಾಡಿ ಬಿತ್ತಂದ್ರ ನಾ ಕಟ್ಟಾಂಗಿಲ್ಲ ತಂಗಿ. ಕೈಯಾಗ ಬಲ ಇಲ್ಲ. ಹುಬ್ಬಳ್ಳಿಗೆ ತಮ್ಮನ ಮನಿಗಿ ಹೋಗಿಬಿಡ್ತೀನಿ. ಮಗ್ಗ ಯಾರರ ಒಲಿಗಿ ಹಾಕ್ಲಿ."

ಅಳುತ್ತ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ನಾಳೆ ಸಂತೆಗೆ ಹೋಗುತ್ತೇನೆ ಅನ್ನುವ ಹಾಗೆ ಹೇಳಿದಳು. ಆಕೆ ಇಲ್ಲದ ಊರನ್ನು ನಾನು ಯೋಚಿಸಿಯೂ ಇರಲಿಲ್ಲ.

ಮರುದಿನದಿಂದ ಅರ್ಜಿಯ ಹಾಳೆಗಳನ್ನು ಹಿಡಿದು ಮೇಲೋಣಿಯ ಮನೆ ಮನೆಗೆ ಹೋದೆ. ಎಲ್ಲೆಲ್ಲೂ ಚಹಾ ಕೊಟ್ಟರು, ಸಹಿ ಕೊಡಲಿಲ್ಲ. ನೀರು ಬರುವುದು ಅವರ ಮನೆಗೆ, ರೊಕ್ಕ ಕಟ್ಟುವುದು ನಾವೇ ಎಂದು ಎಲ್ಲರದೂ ಒಂದೇ ಪ್ರಶ್ನೆ. ಸಿಡಿಲಿಗೂ ಬೆಂಕಿಗೂ ಆಗುತ್ತದೆ ಎಂದೆ. ನಮ್ಮ ಮನೆಗೆ ಸಿಡಿಲು ಬಡಿಯಲಿ ಅಂತೀಯೇನು ಎಂದು ಒಬ್ಬರು ತಿರುಗಿಬಿದ್ದರು. ಎರಡು ಮನೆಯಲ್ಲಿ ಜಗಳವಾಡಿಯೇ ಹೊರಬಿದ್ದೆ.

ನಾಲ್ಕನೆಯ ಮನೆಯಲ್ಲಿ ನನಗೊಂದು ಸಂಗತಿ ಹೊಳೆಯಿತು. ಆ ಮನೆಯ ಪಡಸಾಲೆಯ ನಟ್ಟನಡುವೆ ಒಂದು ಫ್ರಿಜ್ ನಿಂತಿತ್ತು. ಅದರ ವೈರು ಯಾವ ಗೋಡೆಗೂ ಮುಟ್ಟುವಂತಿರಲಿಲ್ಲ. ಹಿಂದಿನ ಮನೆಯಲ್ಲಿ ಪಡಸಾಲೆಯ ನಡುವೆ ಹೊಲಿಗೆ ಮಷಿನ್ ಇತ್ತು. ಅದರ ಹಿಂದಿನದರಲ್ಲಿ ಕಾಳಿನ ತಗಡಿನ ಡಬ್ಬಿ, ಜನ ಅದನ್ನು ಬಳಸಿಕೊಂಡು ಓಡಾಡುತ್ತಿದ್ದರು. ನಾನು ಹೊರಗೆ ಬಂದು ಓಣಿಯಲ್ಲೇ ನಿಂತು ನಕ್ಕೆ. ನಮ್ಮ ಮನೆಯ ಪಡಸಾಲೆಯಲ್ಲೂ ಅದೇ ಜಾಗದಲ್ಲಿ ಒಂದು ಹೊರಸು ಇದೆ, ಯಾರೂ ಮಲಗದ ಹೊರಸು.

ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಪಡಸಾಲೆಯ ನೆಲದಡಿ ಹಗೇವು ಇರುತ್ತದೆ. ಜೋಳ ತುಂಬಿಡಲು ಹಿಂದಿನವರು ತೋಡಿದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಹೊಟ್ಟೆ ದೊಡ್ಡದು. ಈಗ ಜೋಳ ಚೀಲದಲ್ಲಿರುತ್ತದೆ, ಹಗೇವಿನ ಬಾಯಿಗೆ ಚಪ್ಪಡಿ ಎಳೆದು ಮೇಲೆ ಫರಸಿ ಹಾಸಿಬಿಟ್ಟಿದ್ದೇವೆ. ಮೂರು ಮಳೆಗಾಲದ ಹಿಂದೆ ಹಳ್ಳ ವಾರಗಟ್ಟಲೆ ಇಳಿಯದೆ ನಿಂತಾಗ ನೀರು ಎರೆಮಣ್ಣಿನೊಳಗಿಂದ ಜಿನುಗಿ ಏರಿನವರೆಗೂ ಬಂದು ನಮ್ಮ ಹಗೇವಿಗೆ ಇಳಿಯಿತು. ಒಂದು ಬೆಳಿಗ್ಗೆ ನೋಡಿದರೆ ಪಡಸಾಲೆಯ ನೆಲ ತಟ್ಟೆಯ ಹಾಗೆ ತಗ್ಗಾಗಿತ್ತು.

ಆಗ ನಮ್ಮ ಚಿಕ್ಕ ಮಗನಿಗೆ ಹೆಣ್ಣು ನೋಡುತ್ತಿದ್ದೆವು. ನೆಲ ಕುಸಿದ ಮನೆ ಎಂದು ಸುದ್ದಿಯಾದರೆ ಯಾರು ಹೆಣ್ಣು ಕೊಡುತ್ತಾರೆ ಎಂದು ನಮ್ಮತ್ತೆ ಅದರ ಮೇಲೆ ಹೊರಸು ಎಳೆಸಿದರು. ಅಂಚು ನೆಲಕ್ಕೆ ಇಳಿಬೀಳುವ ಹಾಗೆ ಅದಕ್ಕೆ ಜಮಖಾನ ಹೊದಿಸಿದವಳು ನಾನೇ. ಮಗನ ಮದುವೆಯಾಯಿತು, ಸೊಸೆ ಬಂದಳು, ಹೊರಸಿನ ಸುತ್ತ ಹೇಗೆ ಕಸ ಹೊಡೆಯಬೇಕು ಎಂದು ಅವಳಿಗೂ ಕಲಿಸಿದೆವು. ಊರಲ್ಲಿ ನಮ್ಮದೊಂದೇ ಮನೆಗೆ ಹೀಗಾಗಿದೆ ಎಂದು ನಾವು ತಿಳಿದಿದ್ದೆವು. ಪ್ರತಿಯೊಂದು ಮನೆಯವರೂ ಹಾಗೆಯೇ ತಿಳಿದು ಬಾಯಿ ಮುಚ್ಚಿಕೊಂಡಿದ್ದರು ನೋಡಿ.

ನಗು ನಿಂತ ಮೇಲೆ ಹೆದರಿಕೆಯಾಯಿತು. ಆ ಫ್ರಿಜ್ಜಿನ ಮನೆಯಲ್ಲಿ ಅಂಬೆಗಾಲಿಡುವ ಕೂಸಿದೆ. ಇನ್ನೊಂದು ಚಿಂತೆಯೂ ಹತ್ತಿತು. ಈ ಹಿಂದೆ ನೀರಿನಿಂದ ಮನೆಗೆ ಧಕ್ಕೆಯಾಗಿದೆಯೇ ಎಂದು ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು. ನಮ್ಮ ಮನೆಯ ಹಾಳೆಯಲ್ಲಿ ನಾನು "ಇಲ್ಲ" ಎಂದು ಬರೆದಾಗಿತ್ತು. ಮನೆ ಅತ್ತೆಯ ಹೆಸರಿಗಿದೆ, ಅವರು ಸಹಿ ಮಾಡುವುದಿಲ್ಲ ಎಂದು ಕೂತಿದ್ದರು, ಅದು ಬೇರೆ ಮಾತು. ಊರಿಗೆಲ್ಲ ಬುದ್ಧಿ ಹೇಳುವ ನಾನು ಸ್ವಂತ ಮನೆಯ ಗುಟ್ಟು ಬಿಡಲು ತಯಾರಿರಲಿಲ್ಲ. ಬಿಟ್ಟರೆ ಎಂಬತ್ತು ದಾಟಿದ ಅತ್ತೆಯ ಮಾನ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೂ ನಾಚಿಕೆಯಿತ್ತು.

ಸಾಹೇಬರು ಊರಿಗೆ ಬಂದ ದಿನ ಶಾಲೆಯ ಪಡಸಾಲೆಯಲ್ಲಿ ಸಭೆ ಸೇರಿತು. ಹಳ್ಳದೋಣಿಯವರು ಹಿಂದೆ, ಮೇಲೋಣಿಯವರು ಮುಂದೆ. ಅತ್ತೆಯೂ ವಿಭೂತಿ ಹಚ್ಚಿಕೊಂಡು ಬಂದು ನನ್ನ ಬಾಜು ಕೂತರು. ನಾನು ಹೆಚ್ಚು ಮಾತಾಡದಂತೆ ನೋಡಿಕೊಳ್ಳಲು ಬಂದಿದ್ದಾರೆ ಎಂದೇ ನನ್ನ ಎಣಿಕೆ. ಸಾಹೇಬರು ವಿವರಿಸಿದರು. ಮೇಲೋಣಿಯ ಹಿರಿಯರೊಬ್ಬರು ಎದ್ದು, ನಮ್ಮ ಕಡೆ ನೀರಿನ ತ್ರಾಸೇ ಇಲ್ಲ, ನಮ್ಮನ್ನು ಬಿಟ್ಟು ಏನಾದರೂ ಮಾಡಿಕೊಳ್ಳಿರಿ ಎಂದರು. ಅವರದೇ ಮನೆ, ಫ್ರಿಜ್ಜಿನ ಮನೆ. ನಾನು ತುಟಿ ಕಚ್ಚಿಕೊಂಡು ಕೂತೆ. ಹಿಂದೆ ಖಾಲಾ ಎದ್ದು, ಎಲ್ಲರಿಗೂ ಕೈಮುಗಿದು ಬಾಗಿಲ ಕಡೆ ನಡೆದಳು.

"ಕುಂದರ ಬೇ ಅಲ್ಲೇ," ಎಂದರು ಅತ್ತೆ.

ಸಭೆಯೆಲ್ಲ ತಿರುಗಿ ನೋಡಿತು. ಅತ್ತೆ ನನ್ನ ಹೆಗಲು ಹಿಡಿದು ಎದ್ದು ನಿಂತರು.

"ಸಾಹೇಬ್ರ, ಬರಕೋರಿ. ನಮ್ಮ ಪಡಸಾಲ್ಯಾಗಿನ ಹಗೇವು ಕುಸದೈತಿ, ಮೂರು ವರ್ಷಾತು. ಮ್ಯಾಲ ಹೊರಸು ಹಾಕಿ ಮುಚ್ಚೀವಿ. ನೀರು ಅಕಿ ಮನಿಗಿ ಬಾಗಲದಾಗಿಂದ ಬಂತು, ನಮ್ಮ ಮನಿಗಿ ನೆಲದಾಗಿಂದ ಬಂತು. ಬಂದದ್ದಂತೂ ಖರೇ."

ಅಷ್ಟರಲ್ಲಿ ಹಿರಿಯರ ಹೆಂಡತಿ ಗಂಡನ ಮುಖ ನೋಡದೆಯೇ, ನಮ್ಮ ಫ್ರಿಜ್ಜಿನ ಕೆಳಗೂ ಅದೇ ಐತ್ರಿ ಎಂದುಬಿಟ್ಟಳು. ಹೊಲಿಗೆ ಮಷಿನ್ನಿನವರು ಎದ್ದರು. ತಗಡಿನ ಡಬ್ಬಿಯವರು ಎದ್ದರು. ಎಷ್ಟೋ ಮನೆಗಳ ಗುಟ್ಟು ಅರ್ಧ ತಾಸಿನಲ್ಲಿ ಹೊರಬಿತ್ತು, ಮೊದಲು ಪಿಸುಪಿಸು, ಆಮೇಲೆ ನಗು. ನಾನು ನಮ್ಮ ಅರ್ಜಿಯ "ಇಲ್ಲ" ಹೊಡೆದುಹಾಕಿ "ಹೌದು" ಎಂದು ಬರೆದೆ. ಅತ್ತೆ ಅದರ ಕೆಳಗೆ ಸಹಿ ಮಾಡಿದರು. ಮೂರು ವರ್ಷ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತು. ಅಂಥ ಹಗುರವನ್ನು ಮಗನ ಮದುವೆಯ ದಿನವೂ ನಾನು ಕಂಡಿರಲಿಲ್ಲ.

ಸಾಹೇಬರ ಮುಖ ಮಾತ್ರ ಸಣ್ಣದಾಗಿತ್ತು. ಇಷ್ಟು ಮನೆಗಳ ನೆಲ ಪೊಳ್ಳು ಎಂದ ಮೇಲೆ ಹಳೆಯ ದರ ಉಳಿಯುತ್ತದೆಯೋ ಇಲ್ಲವೋ ಮೇಲಿನವರನ್ನು ಕೇಳಬೇಕು ಎಂದು ಹೋದರು. ಮುಂದಿನ ಹತ್ತು ಹನ್ನೆರಡು ದಿನ ನನಗೆ ಅನ್ನ ರುಚಿಸಲಿಲ್ಲ. ಖರೇ ಹೇಳಿ ಖಾಲಾನ ದಾರಿಗೆ ನಾವೇ ಕಲ್ಲು ಹಾಕಿದೆವೇನೋ ಎಂದು ಅತ್ತೆಯ ಮುಂದೆ ಅಂದೆ. ಹಾಕಿದ್ದರೆ ನಾವೇ ತೆಗೆಯೋಣ, ನೀನು ಮೊದಲು ಉಣ್ಣು ಎಂದು ಗದರಿದರು.

ಸಾಹೇಬರು ಒಬ್ಬ ಎಂಜಿನಿಯರನ್ನು ಕರೆದುಕೊಂಡು ಬಂದರು. ಅವರು ಹೊರಸು, ಫ್ರಿಜ್ ಎಲ್ಲ ಸರಿಸಿ ನೋಡಿದರು. ಹಗೇವುಗಳನ್ನು ತೆರೆದು ಕಲ್ಲು, ಗರಸು ತುಂಬಿ ಗಟ್ಟಿಯಾಗಿ ದಿಮ್ಮಸು ಹಾಕಿ ಮುಚ್ಚಿದರೆ ಹಳೆಯ ದರವೇ ಎಂದು ಸಾಹೇಬರು ಮಾತು ಕೊಟ್ಟರು. ಪಂಚಾಯಿತಿಯವರು ಟ್ರ್ಯಾಕ್ಟರಿನಲ್ಲಿ ಗರಸು ತರಿಸಿ ಗುಡಿಯ ಮುಂದೆ ಸುರಿಸಿದರು. ಅಲ್ಲಿಂದ ಮನೆಯೊಳಗೆ ಹೊರುವವರು ಯಾರು ಎಂದು ನಾವು ಯೋಚಿಸುತ್ತಿದ್ದಾಗ ಹಳ್ಳದೋಣಿಯ ಹೆಂಗಸರು ಬುಟ್ಟಿ ಹಿಡಿದು ಏರು ಹತ್ತಿ ಬಂದರು. ಯಾರೂ ಕರೆದಿರಲಿಲ್ಲ.

ನಮ್ಮ ಹಗೇವು ಮುಚ್ಚುವ ಮೊದಲು ಅತ್ತೆ ಅದರ ಬಾಯಿಗೆ ವಿಭೂತಿ ಹಚ್ಚಿ, ಒಂದು ಹಿಡಿ ಜೋಳ ಒಳಗೆ ಹಾಕಿ ಕೈಮುಗಿದರು. ಮೂರು ತಲೆಮಾರಿಗೆ ಅನ್ನ ಹಾಕಿದ ಗುಂಡಿ, ಬರಿಹೊಟ್ಟೆಯಲ್ಲಿ ಕಳಿಸಬಾರದು ಎಂದರು. ಆಮೇಲೆ ಮೊದಲ ಬುಟ್ಟಿ ಗರಸು ಸುರಿದವಳು ಖಾಲಾ.

ಮಳೆಗಾಲಕ್ಕೆ ಮೊದಲೇ ಮನೆಗೊಂದು ಪಾಲಿಸಿ ಕಾಗದ ಬಂತು. ಕಂತು ಮೊದಲು ಹೇಳಿದಷ್ಟೇ, ಒಂದು ಸಾದಾ ಸೀರೆಯ ಬೆಲೆ. ಖಾಲಾನ ಕಾಗದದಲ್ಲಿ ಮನೆಯ ಜೊತೆ ಮಗ್ಗವನ್ನೂ ಬರೆಸಿದ್ದೆ. ಅದಕ್ಕಾಗಿ ಸಾಹೇಬರ ಕಚೇರಿಗೆ ಎರಡು ಸಲ ಹೋಗಿ ತಲೆ ತಿಂದಿದ್ದೆ.

ಆ ವರ್ಷವೇ ಹಳ್ಳ ಬಂತು. ಪರಿಹಾರಕ್ಕೆ ನಾನು ಎಷ್ಟು ಅಲೆದೆ, ಯಾರ ಜೊತೆ ಜಗಳವಾಡಿದೆ ಎಂಬುದು ಬೇರೆಯೇ ಕತೆ. ದೀಪಾವಳಿಯ ಹೊತ್ತಿಗೆ ಎಲ್ಲರಿಗೂ ಬಂತು ಅಂದರೆ ಸಾಕು. ಹೇಳಲೇಬೇಕಾದದ್ದು ಹಳ್ಳ ಬಂದ ಆ ಮಧ್ಯಾಹ್ನದ ಮಾತು. ಹಳ್ಳದೋಣಿಯವರೆಲ್ಲ ಮೇಲೆ ಬಂದಿದ್ದರು. ನಮ್ಮ ಪಡಸಾಲೆಯಲ್ಲಿ ಖಾಲಾ, ಆಕೆಯ ಮಗಳು, ಅತ್ತೆ ಸಾಲಾಗಿ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. ಕೆಳಗಿನಿಂದ ಧಪ್ಪೆಂದು ಸದ್ದಾಯಿತು. ಮಣ್ಣಿನ ಗೋಡೆ ನೀರಿಗೆ ಬೀಳುವ ಸದ್ದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ನಾನು ಹೊರಗೆ ಓಡಿ ನೋಡಿದೆ. ಖಾಲಾನ ಹಿಂದಿನ ಗೋಡೆಯೇ.

ಒಳಗೆ ಬಂದು ಬಾಗಿಲಲ್ಲಿ ನಿಂತೆ. ಹುಬ್ಬಳ್ಳಿಗೆ ಹೋಗಿಬಿಡುವ ಆಕೆಯ ಮಾತು ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ನನ್ನ ಮುಖ ನೋಡಿಯೇ ಖಾಲಾನಿಗೆ ತಿಳಿಯಿತು. ಕೈಯಲ್ಲಿದ್ದ ಸೊಪ್ಪಿನ ಕಡ್ಡಿಯನ್ನು ಮುರಿದು ಮೊರಕ್ಕೆ ಹಾಕಿದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು.

"ಹೊಸಾ ಗ್ವಾಡಿಗೆ ಒಂದು ಕಿಡಕಿ ಇಡಸ್ತೀನ್ರೀ ಅವ್ವಾರ. ಮಗ್ಗಕ್ಕ ಬೆಳಕು ಸಾಲೂದಿಲ್ಲ."

ಕಿಟಕಿ ಮೂಡಣಕ್ಕಿರಲಿ ಎಂದು ಅತ್ತೆ, ಬೇಡ ಬಡಗಣಕ್ಕಿರಲಿ ಎಂದು ಖಾಲಾ, ಇಬ್ಬರೂ ವಾದಕ್ಕೆ ಬಿದ್ದರು. ನಾನು ಚಹಾ ಇಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಸೆರಗು ಬಾಯಿಗೊತ್ತಿಕೊಂಡು ಮನಸಾರೆ ಅತ್ತುಬಿಟ್ಟೆ.