ಹೆಬ್ಬೆರಳು ಯಾವ ಕಡೆಗಿದೆ

ಯಾರಾದರೂ ನನ್ನತ್ತ ಏನನ್ನಾದರೂ ಚಾಚಿದರೆ, ಅದು ಬಸ್ಸಿನ ಟಿಕೆಟ್ಟಿರಲಿ, ಎಲೆ ಅಡಿಕೆಯಿರಲಿ, ನಾನು ಮೊದಲು ನೋಡುವುದು ಆ ವಸ್ತುವನ್ನಲ್ಲ, ಚಾಚಿದ ಕೈಯ ಹೆಬ್ಬೆರಳನ್ನು. ಹೆಬ್ಬೆರಳು ಯಾವ ಕಡೆಗಿದೆ ಎಂಬುದರ ಮೇಲೆ ಅದು ಎಡಗೈಯೋ ಬಲಗೈಯೋ ಗೊತ್ತಾಗುತ್ತದೆ. ಇದೇನು ದೊಡ್ಡ ಶೋಧ ಎಂದು ನೀವು ನಗಬಹುದು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಇದನ್ನು ಕಲಿಯಲು ಅರ್ಧ ಆಯುಷ್ಯ ಬೇಕಾಯಿತು. ಕಲಿತಾಗ ಅದರ ದಂಡವನ್ನು ಬೇರೆಯವರು ತೆತ್ತಿದ್ದರು.

ಹರಪನಹಳ್ಳಿಯಲ್ಲಿ ಬೋರ್ಡು ಬರೆಯುವುದು ನನ್ನ ಕಸುಬು. ಅಕ್ಷರಗಳನ್ನು ಓದುವುದಕ್ಕಿಂತ ಬರೆಯುವುದೇ ನನಗೆ ಸಲೀಸು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಪೇಟೆಯ ಸೊಸೈಟಿ ಅಂಗಡಿಯಲ್ಲಿ ರೇಷನ್ ಕಾರ್ಡಿಗೆ ಸಕ್ಕರೆ, ಸೀಮೆಎಣ್ಣೆ, ಜನತಾ ಸೀರೆ ಕೊಡುತ್ತಿದ್ದರು. ತೆಲಿಗಿ, ಚಿಗಟೇರಿ ಕಡೆಯಿಂದ ಬಸ್ಸಿಳಿದು ಬಂದವರು ಮಾತ್ರ ಬೋರ್ಡು ಓದಲಾಗದೆ ಪಕ್ಕದ ಬಟ್ಟೆ ಅಂಗಡಿಯಲ್ಲಿ ಕಾರ್ಡು ಹಿಡಿದು ನಿಲ್ಲುತ್ತಿದ್ದರು. "ಕಾರ್ಡು ನಡಿತೈತೇನ್ರಿ?" ಎಂಬ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಬಟ್ಟೆ ಸಾಹುಕಾರರ ಗಂಟಲು ಕಟ್ಟಿತ್ತು. ಕಡೆಗೆ ಸೊಸೈಟಿಯ ಸೆಕ್ರೆಟರಿ ರುದ್ರಪ್ಪನವರು ನನ್ನನ್ನು ಕರೆಸಿ, "ಓದಾಕ ಬರದವ್ರಿಗೂ ತಿಳಿಯಂಗ ಒಂದು ಚಿತ್ರ ಬರಿ, ಇಲ್ಲಿ ಕಾರ್ಡು ನಡಿತೈತಿ ಅಂತ" ಎಂದರು.

ಮೊದಲು ಬರೀ ಕಾರ್ಡನ್ನೇ ಬರೆದೆ. ನೋಡಿದವರು ಅದನ್ನು ಕಿಟಕಿ ಎಂದರು, ಪಾಟಿ ಎಂದರು. ಒಬ್ಬರು ಬೆಂಕಿಪೊಟ್ಟಣವೆಂದು ಬೀಡಿ ಕೇಳಿಕೊಂಡು ಒಳಗೇ ಹೋದರು. ಆಮೇಲೆ ಹೊಳೆಯಿತು: ಕಾರ್ಡಿಗೆ ಒಂದು ಕೈ ಬೇಕು. ಬಲಗೈಯಲ್ಲಿ ಕುಂಚ ಹಿಡಿದು, ಎಡಗೈಯಲ್ಲಿ ಕಾರ್ಡು ಚಾಚಿ, ಅದನ್ನೇ ನೋಡಿಕೊಂಡು ಬರೆದೆ. ಉಗುರು, ಗೆಣ್ಣು, ಗೆರೆ ಎಲ್ಲ ಜೀವಂತವಾಗಿ ಮೂಡಿದವು. ಗೋಡೆಯ ಮೇಲೆ ಮೂಡಿದ್ದು ಎಡಗೈ ಎಂಬುದು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ಚಿಗಟೇರಿಯ ಮುದುಕಿಯೊಬ್ಬಳ ಕಣ್ಣಿಗೆ ಬಿತ್ತು. "ಎಡಗೈಲೆ ಕೊಟ್ಟಿದ್ದು ಇಸ್ಕೊಳ್ಳಾಕ ನಾವೇನು ತಿರಕೊಂಡು ಉಣ್ಣಾಕ ಬಂದೀವೇನ್ರಿ?" ಎಂದು ಬೀದಿಗೆ ಕೇಳುವಂತೆ ಕೂಗಿದಳು. ಜನ ಕೂಡಿದರು. ರುದ್ರಪ್ಪನವರು ಹೊರಗೆ ಬಂದು ನೋಡಿ ಕೆಂಪಾದರು.

"ಯಾರ ಕೈ ನೋಡಿ ಬರದೀಯಲೇ ಇದನ್ನ?"

ಎಡ ಬಲ ತಿಳಿಯದ ಪೇಂಟರ್ ಎಂಬ ಹೆಸರು ಬಂದರೆ ಮುಂದೆ ಬೋರ್ಡು ಬರೆಸುವವರು ಯಾರು? ಅಷ್ಟು ಜನರ ನಡುವೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ:

"ನಮ್ಮ ಅಕ್ಕಂದು ರೀ. ಆಕಿ ಎಡಚಿ."

ನನ್ನ ಅಕ್ಕ ಕೊಟ್ರಮ್ಮ ಆಗ ಅದೇ ಅಂಗಡಿಯಲ್ಲಿ ಸಕ್ಕರೆ ತೂಗುತ್ತಿದ್ದಳು. ಗಂಡ ತೀರಿಕೊಂಡು ತವರಿಗೆ ಬಂದವಳು. ಯಾರ ಮುಂದೆಯೂ ಕೈ ಚಾಚದಂತೆ ಅವಳನ್ನು ನಿಲ್ಲಿಸಿದ್ದು ಆ ಕೆಲಸ. ಅವಳು ಎಡಚಿ ಎಂಬುದು ನಿಜವೇ. ಚಿಕ್ಕವಳಿದ್ದಾಗ ಅವ್ವ ಅವಳ ಎಡಗೈಗೆ ಬಟ್ಟೆ ಸುತ್ತಿ, ಬಲಗೈ ರೂಢಿ ಮಾಡಿಸಿದ್ದಳು. ಮಂದಿಯ ಮುಂದೆ ಅವಳು ಎಂದೂ ತಪ್ಪಿದವಳಲ್ಲ. ಅವ್ವ ಹೋದ ಮೇಲೆ ಈ ಸಂಗತಿ ಗೊತ್ತಿದ್ದವನು ನಾನೊಬ್ಬನೇ.

ಅಕ್ಕ ಒಳಗಿನಿಂದ ನನ್ನನ್ನು ನೋಡಿದಳು. ಗೋಡೆಯ ಮೇಲಿನ ಕೈಗೆ ಬಳೆಯಿರಲಿಲ್ಲ, ಬೆರಳು ನನ್ನವೇ ಮೋಟು ಬೆರಳು. "ಅದು ನಿಂದೇ ಅಲ್ಲೇನೋ" ಎಂದು ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ.

ಮರುದಿನದಿಂದ ಹೆಂಗಸರು ಸಕ್ಕರೆಯನ್ನು ಬಿಟ್ಟು ಅವಳ ಕೈ ನೋಡತೊಡಗಿದರು. "ಯಾವ ಕೈಲೆ ಹಾಕಿದಿ ಕೊಟ್ರವ್ವ? ಹಬ್ಬದ ಸಕ್ರಿ ಐತಿ, ನೋಡಿ ಹಾಕವ್ವ" ಎಂದು ಚುಚ್ಚಿದರು. ಎಷ್ಟೋ ವರ್ಷ ತೂಗುವಾಗ ಅಲುಗದಿದ್ದ ಬಲಗೈ ಈಗ ನಡುಗತೊಡಗಿತು. ಸಕ್ಕರೆ ಚೆಲ್ಲಿತು. ರುದ್ರಪ್ಪನವರು ಕೆಟ್ಟವರಲ್ಲ, "ನಾಕು ದಿನ ಮನ್ಯಾಗ ಇರವ್ವ" ಎಂದರು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ.

ನನಗೆ ಮಾತ್ರ ಕೆಲಸ ಉಳಿಯಿತು. ಚಿತ್ರ ತಿದ್ದಬೇಕಿತ್ತು. ಆದರೆ ಬಲಗೈಯನ್ನು ನೋಡಿ ಬರೆಯಬೇಕಾದರೆ ಕುಂಚ ಹಿಡಿಯುವವರು ಯಾರು? ಮನಸ್ಸಿನಲ್ಲೇ ಕೈ ತಿರುಗಿಸಿ ಬರೆಯುವಷ್ಟು ವಿದ್ಯೆ ನನ್ನದಲ್ಲ. ಮನೆಯ ಕಟ್ಟೆಯ ಮೇಲೆ ಹಲಗೆ ಇಟ್ಟುಕೊಂಡು, ಕುಂಚವನ್ನು ಆ ಕೈಯಿಂದ ಈ ಕೈಗೆ ಬದಲಿಸುತ್ತ ಒದ್ದಾಡುತ್ತಿದ್ದೆ. ಹಿಟ್ಟು ನಾದುತ್ತಿದ್ದ ಅಕ್ಕ ಕೈ ತೊಳೆದುಕೊಂಡು ಹೊರಬಂದಳು.

"ಸರಿ ಅತ್ತಾಗ. ನಾ ಹಿಡಿತೀನಿ."

ಕಾರ್ಡನ್ನು ಬಲಗೈಯಲ್ಲಿ ಹಿಡಿದು ಚಾಚಿ ಕೂತಳು. ಬಿಸಿಲು ಕಟ್ಟೆ ಇಳಿದು ಹೋಗುವವರೆಗೂ ಆ ಕೈ ಒಮ್ಮೆಯೂ ಅಲುಗಲಿಲ್ಲ. ನಾನು ತಲೆ ಎತ್ತಿ ಅವಳ ಕೈ ನೋಡಿದೆ, ಮುಖ ನೋಡಲಿಲ್ಲ. ಮುಗಿದಾಗ ಅವಳೇ ಅಂದಳು:

"ಈ ಸಲ ಯಾರರ ಕೇಳಿದ್ರ, ಅಕ್ಕನ ಕೈ ಅಂತ ಹೇಳು, ತಮ್ಮ. ಸುಳ್ಳು ಆಗಂಗಿಲ್ಲ."

ಹಲಗೆಯ ಮೇಲಿನದನ್ನೇ ನೋಡಿ ಸೊಸೈಟಿಯ ಗೋಡೆಗೆ ಇಳಿಸಿದೆ. ಚಿತ್ರ ಗೆದ್ದಿತು. ಹಳ್ಳಿಯವರು ಬಸ್ಸಿಳಿದವರೇ ನೆಟ್ಟಗೆ ಸೊಸೈಟಿಗೆ ಹೋದರು. ಕೂಡ್ಲಿಗಿ, ಹಡಗಲಿಯ ಅಂಗಡಿಗಳವರೂ ನನ್ನನ್ನು ಕರೆಸಿ ಅಂಥದೇ ಬರೆಸಿದರು. ಯಾರಾದರೂ ಕೇಳಲಿ ಎಂದು ಪ್ರತಿ ಗೋಡೆಯ ಮುಂದೆ ಕಾದೆ. ಯಾರೂ ಕೇಳಲಿಲ್ಲ. ಒಳ್ಳೆಯ ಗುರುತಿನ ಹಣೆಬರಹವೇ ಅದು: ಅರ್ಥವಾಗದಿದ್ದರೆ ನೂರು ಜನ ಯಾರದೆಂದು ಕೇಳುತ್ತಾರೆ, ಅರ್ಥವಾದರೆ ಅತ್ತ ನೋಡಿ ಒಳಗೆ ನಡೆಯುತ್ತಾರೆ. ಕೇಳದೆಯೂ ಹೇಳಬಹುದಿತ್ತಲ್ಲ ಎಂದು ನೀವು ಅನ್ನುವಿರಿ. ನಾನೂ ಅಂದುಕೊಳ್ಳುತ್ತೇನೆ, ಪ್ರತಿ ಸಲ ಆ ಗೋಡೆ ದಾಟಿದ ಮೇಲೆ. ಈಗ ಹೇಳುತ್ತಿದ್ದೇನೆ: ಜನ ಬೈದದ್ದು ನನ್ನ ಕೈ, ಜನ ನಂಬಿ ಬಂದದ್ದು ಅಕ್ಕನದು.

ಮೊನ್ನೆ ಅಕ್ಕ ಚಹಾದ ಲೋಟ ಚಾಚಿದಳು. ಅಭ್ಯಾಸಬಲದಿಂದ ಹೆಬ್ಬೆರಳು ನೋಡಿದೆ. ಎಡಗೈ. ಮುಚ್ಚಿಡುವುದನ್ನು ಅವಳು ಎಂದೋ ಬಿಟ್ಟಿದ್ದಾಳೆ. ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ.