ಒಂದು ತಟ್ಟೆ ಸೊಪ್ಪು ಹೆಚ್ಚುವಷ್ಟು ಹೊತ್ತು

ನಮ್ಮ ಕೂಸು ನಾಲ್ಕು ಕೇಜಿ ಏಳುನೂರು ಗ್ರಾಂ ಆಗಿದೆ! ಇವತ್ತು ಬೆಳಿಗ್ಗೆ ಆಸ್ಪತ್ರೆ ತಕ್ಕಡಿಯಲ್ಲಿ ಕಣ್ಣಾರೆ ನೋಡಿದೆ. ನಂಬಿಕೆ ಬಾರದೆ ನರ್ಸಮ್ಮನಿಗೆ ಹೇಳಿ ಇನ್ನೊಂದು ಸಲ ತೂಗಿಸಿದೆ. ಆಗಲೂ ಅಷ್ಟೇ ಬಂತು. ಬರುವ ದಾರಿಯಲ್ಲಿ ಡೈರಿ ಮುಂದೆ ಕ್ಯಾನು ಹಿಡಿದು ನಿಂತವರಿಗೆ ಹೇಳಿದೆ, ಚಿಲ್ಲರೆ ಅಂಗಡಿಯಲ್ಲಿ ಹೇಳಿದೆ, ಕಬ್ಬಾಳಿಗೆ ಹೊರಟಿದ್ದ ಬಸ್ಸಿನ ಕಂಡಕ್ಟರಿಗೂ ಕೂಗಿ ಹೇಳಿದೆ. ಯಾರ ತೂಕ, ಎಂಥ ತೂಕ ಒಂದೂ ತಿಳಿಯದೆ ಆ ಪುಣ್ಯಾತ್ಮನೂ ನಗುತ್ತ ಕೈ ಎತ್ತಿದ.

ಈ ಸಂತೋಷ ನಮ್ಮ ಮನೆಗೆ ಬಂದದ್ದು ಒಂದು ಜೊತೆ ಕೈಗಳಿಂದ. ಆ ಕೈಗಳ ವಿಚಾರ ಹೇಳಿಬಿಡುತ್ತೇನೆ.

ಬಲಗೈ ಹೆಬ್ಬೆರಳೂ ತೋರುಬೆರಳೂ ಹಿಪ್ಪುನೇರಳೆ ಸೊಪ್ಪಿನ ರಸ ಕುಡಿದು ಕುಡಿದು ಕಪ್ಪಗಾಗಿವೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಎಡಗೈ ತೋರುಬೆರಳಿಗೆ ಉಗುರಿಲ್ಲ, ಎಂದೋ ಕತ್ತಿ ತೆಗೆದುಕೊಂಡು ಹೋಗಿದೆ. ಅಂಗೈ ಮಾತ್ರ ಯಾವಾಗಲೂ ತಣ್ಣಗೆ, ಮೆತ್ತಗೆ. ಕೂದಲೆಳೆಯಂಥ ಹುಳುವನ್ನು ನೋವಾಗದಂತೆ ಎತ್ತಿ ಇಡುವ ಕೈ ಅದು. ನಮ್ಮೂರಿನವರೆಲ್ಲ ಅವಳನ್ನು ಚಾಕಿ ಅವ್ವ ಎನ್ನುತ್ತೇವೆ.

ಮೊಟ್ಟೆಯೊಡೆದು ಬಂದ ರೇಷ್ಮೆ ಹುಳುವನ್ನು ಎರಡು ಜ್ವರ ದಾಟುವ ತನಕ ಸಾಕುವುದಕ್ಕೆ ಚಾಕಿ ಎನ್ನುತ್ತಾರೆ. ಜ್ವರವೆಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ಕೂತು ಹಳೆ ಚರ್ಮ ಕಳಚುವ ಹೊತ್ತು. ಎಲ್ಲರಿಗೂ ಕೈಗೂಡದ ಕೆಲಸವಿದು. ಅವಳು ಚಾಕಿ ಮಾಡಿ ಕೊಟ್ಟರೆ ನಾವು ಮನೆಗೆ ತಂದು ಗೂಡು ಕಟ್ಟುವ ತನಕ ಸಾಕುತ್ತೇವೆ. ನಮ್ಮಪ್ಪನ ಕಾಲದಿಂದ ಹೀಗೇ ನಡೆದಿದೆ.

ಅವಳ ಬಾಗಿಲಲ್ಲಿ ಒಂದು ಬಕೆಟ್ ನೀರು ಸದಾ ಇರುತ್ತದೆ. ಕೈಕಾಲು ತೊಳೆಯದೆ ಮಂತ್ರಿ ಬಂದರೂ ಒಳಗೆ ಬಿಡುವವಳಲ್ಲ. ನನ್ನ ಬಾಯಿ ಹತ್ತಿರ ಮೂಗು ತಂದು, “ಬೀಡಿ ಸೇದಿದೀಯ ಕಣ್ಲಾ, ಆಚೇಲೇ ನಿಂತ್ಕಂಡು ಮಾತಾಡು” ಎಂದು ಎಷ್ಟು ಸಲ ಅಟ್ಟಿದ್ದಾಳೋ. ಹುಳುಗಳ ಜೊತೆ ಮಾತ್ರ ದನಿ ಬೇರೆ. ಅವು ಮೇಯುವ ಅಗಲ ತಟ್ಟೆಯ ಮೇಲೆ ಬಗ್ಗಿ, “ಸಾಕೇನ್ರೋ ಕಂದಾ, ಇನ್ನೊಸಿ ಬೇಕಾ?” ಎಂದು ಕೇಳುತ್ತಾಳೆ. ಅವಳಿಗೆ ಮಕ್ಕಳಾಗಲಿಲ್ಲ. ಯಾರ ಮನೆಯ ಹಬ್ಬಕ್ಕೆ ಕರೆದರೂ ಬಂದು, ಅರಿಶಿನ ಕುಂಕುಮ ತೆಗೆದುಕೊಂಡು, ಉಣ್ಣದೆ ಎದ್ದು ಹೋಗುತ್ತಾಳೆ. ಕೇಳಿದರೆ ಒಂದೇ ಮಾತು: “ಹುಳ ಕಾಯ್ತವೆ ಕಣಪ್ಪ.”

ನನ್ನ ಮದುವೆಯಾದ ವರ್ಷ ನಾನು ಸ್ವಂತವಾಗಿ ಮೊದಲ ಸಲ ಹುಳು ಸಾಕಿದೆ. ಹೊಸ ಹೆಂಡತಿ, ಹೊಸ ತಟ್ಟೆಗಳು, ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಮೂರನೇ ಜ್ವರಕ್ಕೆ ಕೂತ ಹುಳುಗಳು ತಲೆಯೆತ್ತಿದ್ದು ಕಂಡು, ಅಯ್ಯೋ ಹಸಿದಿವೆ ಎಂದುಕೊಂಡು ಸೊಪ್ಪಿನ ಮೇಲೆ ಸೊಪ್ಪು ಸುರಿದೆ. ಅಡಿಯಲ್ಲಿ ಕಾವು ಕಟ್ಟಿಕೊಂಡು ಎರಡು ದಿನಕ್ಕೆ ತಟ್ಟೆತಟ್ಟೆಯೇ ಕೊಳೆಯಿತು. ಚಾಕಿ ಅವ್ವ ಬಂದು ಬಾಗಿಲಲ್ಲೇ ವಾಸನೆ ಹಿಡಿದಳು. ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತಿದ್ದೆ. ಬೈಯಲಿಲ್ಲ, ಕೇಳಿದಳು.

“ಮೇವು ಬೇಕು ಅಂತ ಅವುಗಳ ಹೊಟ್ಟೆ ಕೇಳ್ತೇನ್ಲಾ, ಇಲ್ಲಾ ನಿನ್ನ ಆಸೆ ಕೇಳ್ತಾ?”

ಸಂಜೆಗೆ ತನ್ನ ಪಾಲಿನ ಎರಡು ತಟ್ಟೆ ಹುಳು ಹೊತ್ತು ತಂದು ನಮ್ಮ ಜಗಲಿಯ ಮೇಲಿಟ್ಟಳು. “ಇವನ್ನ ಕಾಯಿ. ನಾನು ದಿನಾ ಬಂದು ನೋಡ್ತೀನಿ” ಎಂದಳು. ಗೂಡು ಬಿಡಿಸುವ ದಿನದ ತನಕ ಬಂದಳು. ಹುಳು ಸಾಕುವುದನ್ನು ನಾನು ಕಲಿತದ್ದು ಆಗ. ಕಲಿತೆ ಎಂದು ಮೂವತ್ತು ವರ್ಷ ಅಂದುಕೊಂಡಿದ್ದೆ.

ಈಗ ಕೂಸಿನ ಕಥೆಗೆ ಬರುತ್ತೇನೆ. ಮಗಳನ್ನು ಮಾಗಡಿ ಕಡೆ ಕೊಟ್ಟಿದ್ದೇವೆ. ಚೊಚ್ಚಲು ಬಾಣಂತನ ನಮ್ಮಲ್ಲೇ. ಮೊಮ್ಮಗಳು ಹುಟ್ಟಿದಳು ನೋಡಿ, ನನಗೆ ಮತ್ತೆ ಆ ಮದುವೆಯ ವರ್ಷದ ಹಾಗೆಯೇ ಆಯಿತು! ತೋಟದಿಂದ ಓಡೋಡಿ ಬರುವುದು, ಕೈ ತೊಳೆದು ಎತ್ತಿಕೊಳ್ಳುವುದು, ಗಾಳಿಗೆ ಎತ್ತೆತ್ತಿ ಆಡಿಸುವುದು. ಹಾಲು ಕುಡಿದು ಹೊಟ್ಟೆ ತುಂಬಿದಾಗಲೇ ಅವಳು ನಗುವುದು, ಹಾಗಾಗಿ ಆಗಲೇ ನಾನು ಎತ್ತಿಕೊಳ್ಳುವುದು. ಎತ್ತಿದೊಡನೆ ಗಳಕ್ಕನೆ ನನ್ನ ಹೆಗಲ ಮೇಲೆ ಹಾಲು ಕಕ್ಕುತ್ತಿದ್ದಳು. ನನ್ನ ಅಂಗಿಗಳಿಗೆಲ್ಲ ಎಡಹೆಗಲಲ್ಲಿ ಒಂದೊಂದು ಬಿಳಿ ಪಟ್ಟಿ. ಹಗ್ಗದ ತುಂಬ ಒಣಹಾಕಿದ ಬಟ್ಟೆ.

ಕಕ್ಕಿದ ಕೂಡಲೇ ನಮ್ಮನೆಯವಳು, “ಅಯ್ಯೋ, ಹೊಟ್ಟೆ ಖಾಲಿ ಆಗೋಯ್ತು, ಇನ್ನೊಂದಪ ಕುಡ್ಸವ್ವ” ಎನ್ನುತ್ತಿದ್ದಳು. ಮಗಳು ಮತ್ತೆ ಎದೆಗೆ ಹಾಕುತ್ತಿದ್ದಳು, ಕೂಸು ಮತ್ತೆ ಕಕ್ಕುತ್ತಿತ್ತು. ನಡುನಡುವೆ ಬಜೆ ತೇಯ್ದು ನೆಕ್ಕಿಸಿದ್ದೂ ಆಯಿತು, ಸಕ್ಕರೆ ನೀರು ಕುಡಿಸಿದ್ದೂ ಆಯಿತು. ಮೆಣಸಿನಕಾಯಿ ನೀವಳಿಸಿ ಒಲೆಗೆ ಹಾಕಿ ಮನೆಮಂದಿಯೆಲ್ಲ ಕೆಮ್ಮಿದೆವು. ಕಬ್ಬಾಳಮ್ಮನಿಗೆ ಮುಡಿಪು ಕಟ್ಟಿದೆವು.

ಎರಡೂವರೆ ತಿಂಗಳಿಗೆ ಸೂಜಿ ಹಾಕಿಸಲು ಹೋದಾಗ ನರ್ಸಮ್ಮ ತೂಗಿ ನೋಡಿ ಹುಬ್ಬು ಗಂಟಿಕ್ಕಿದಳು. ನಾಲ್ಕೂಕಾಲು ಕೇಜಿ. “ಕಕ್ಕೋದು ಹಸಿರಾಗಿದೆಯಾ? ರಕ್ತ ಏನಾದ್ರೂ? ದೂರಕ್ಕೆ ಚಿಮ್ಮುತ್ತಾ?” ಎಂದು ಒಂದೊಂದಾಗಿ ಕೇಳಿದಳು. ಯಾವುದೂ ಇರಲಿಲ್ಲ. “ಹಂಗಾದ್ರೆ ಹೆದರಬೇಡಿ. ಎದೆಹಾಲು ಬಿಟ್ಟು ಬೇರೇನೂ ಕೊಡಬೇಡಿ. ಕುಡಿಸಿದ ಮೇಲೆ ನೆಟ್ಟಗೆ ಎತ್ತಿ ಹಿಡ್ಕೊಂಡು ತೇಗು ತರಿಸಿ. ಹದಿನೈದು ದಿನ ಬಿಟ್ಟು ಬನ್ನಿ. ಆಗಲೂ ತೂಕ ಏರಿಲ್ಲ ಅಂದ್ರೆ ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ” ಎಂದಳು.

ದೊಡ್ಡಾಸ್ಪತ್ರೆ ಎಂಬ ಮಾತು ನಮ್ಮ ಕಿವಿಯಲ್ಲಿ ನಿಂತಿತು, ಅದಕ್ಕೆ ಮುಂಚೆ ಹೇಳಿದ್ದೊಂದೂ ನಿಲ್ಲಲಿಲ್ಲ. ಮಗಳು ದಾರಿಯುದ್ದಕ್ಕೂ ಅತ್ತಳು. “ನನ್ನ ಹಾಲೇ ಸರಿಯಿಲ್ಲ ಕಣಪ್ಪ” ಎಂದಳು. ಮನೆಗೆ ಬಂದ ಮೇಲೆ ಹೆದರಿಕೆಯಿಂದ ಇನ್ನೂ ಹೆಚ್ಚು ಕುಡಿಸಿದೆವು, ಇನ್ನೂ ಹೆಚ್ಚು ಬಜೆ ತೇಯ್ದೆವು. ಮಗಳ ಅಳು ನಿಲ್ಲಲೆಂದು ನಾನು ಕೂಸನ್ನು ಇನ್ನೂ ಹೆಚ್ಚು ಆಡಿಸಿ ನಗಿಸಿದೆ.

ಮಾರನೆಯ ದಿನ ಚಾಕಿ ಅವ್ವ ಸೊಪ್ಪಿನ ಹೊರೆ ಹೊತ್ತು ನಮ್ಮ ಮನೆ ಮುಂದೆ ಹಾದು ಹೋಗುತ್ತಿದ್ದಳು. ಅದೇ ಹೊತ್ತಿಗೆ ಕೂಸು ನನ್ನ ಮೇಲೆ ಕಕ್ಕಿತು. ಅವಳು ಹೊರೆ ಇಳಿಸಿ, ತೊಟ್ಟಿಯಲ್ಲಿ ಮೊಣಕೈ ತನಕ ತೊಳೆದುಕೊಂಡು ಜಗಲಿ ಮೇಲೆ ಕೂತಳು. ಹುಳುವಿನ ತಟ್ಟೆ ನೋಡುವ ಹಾಗೆ ನಮ್ಮನ್ನೇ ನೋಡುತ್ತ ಕೂತಳು. ಎರಡು ಸಲ ಕುಡಿಸಿದ್ದನ್ನೂ ಎರಡು ಸಲ ಕಕ್ಕಿದ್ದನ್ನೂ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಲೇ, ಕುಣಿಸು ಅಂತ ಕೂಸು ಕೇಳ್ತಾ, ನಿನ್ನ ಆಸೆ ಕೇಳ್ತಾ?”

ಮೂವತ್ತು ವರ್ಷದ ಹಿಂದಿನ ಕೊಳೆತ ತಟ್ಟೆಯ ವಾಸನೆ ಮೂಗಿಗೆ ಬಂದ ಹಾಗಾಯಿತು ನನಗೆ.

ನಮ್ಮನೆಯವಳಿಗೆ ಸಿಟ್ಟು ಬಂತು. ನಿದ್ದೆಗೆಟ್ಟವಳು, ಹೆದರಿದವಳು, ಬಾಯಿ ತಪ್ಪಿ ಅಂದುಬಿಟ್ಟಳು: “ಹುಳ ಸಾಕದು ಬ್ಯಾರೆ, ಕೂಸು ಸಾಕದು ಬ್ಯಾರೆ ಕಣವ್ವ. ಹೆತ್ತೋರಿಗೆ ಗೊತ್ತು ಅದು.”

ಚಾಕಿ ಅವ್ವ ಸೆರಗು ಸರಿಮಾಡಿಕೊಂಡು ಎದ್ದು ಹೊರೆಗೆ ಕೈ ಹಾಕಿದಳು. ಆಗ ನನ್ನ ಮಗಳು, ಅವತ್ತಿನ ತನಕ ತಾಯಿಗೆ ಎದುರು ಮಾತಾಡದ ಹುಡುಗಿ, ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು.

“ಅಜ್ಜಿ, ಹೋಗ್ಬ್ಯಾಡ ಕೂತ್ಕೊ. ಕೈ ತೊಳ್ಕೊಂಡೇ ಬಂದಿದೀಯಲ್ಲ” ಎಂದು ಕೂಸನ್ನು ಅವಳ ಮಡಿಲಿಗೆ ಇಟ್ಟಳು.

ಆ ತಣ್ಣನೆಯ ಅಂಗೈ ಕೂಸಿನ ಬೆನ್ನಿಗೆ ಆನಿಕೊಂಡಿತು. ಎಷ್ಟೋ ಹೊತ್ತು ಅವಳು ತಲೆ ಎತ್ತಲಿಲ್ಲ. ಎತ್ತಿದಾಗ ಕಣ್ಣು ಕೆಂಪಾಗಿತ್ತು. ದನಿ ಮಾತ್ರ ನಮ್ಮ ಎಂದಿನ ಚಾಕಿ ಅವ್ವನದೇ.

“ನರ್ಸಮ್ಮ ಏನಂದ್ಳು, ಹೇಳು.”

ಮಗಳು ಹೇಳಿದಳು. ನಾವು ಮೂವರೂ ಕೇಳಿಸಿಕೊಂಡು ಬಿಟ್ಟುಬಂದಿದ್ದನ್ನು ಚಾಕಿ ಅವ್ವ ಒಂದೊಂದೇ ಹೆಕ್ಕಿದಳು.

“ಸೊಪ್ಪು ಬುಟ್ಟು ಹುಳಕ್ಕೆ ಇನ್ನೇನಾರ ಹಾಕಿದ್ದೀರೇನ್ರವ್ವ ಯಾವತ್ತಾರ? ಇಲ್ವಲ್ಲ. ಅಂಗೇ ಇದಕ್ಕೂ ಹಾಲು ಬುಟ್ಟು ಏನೂ ಬ್ಯಾಡ, ಬಜೆನೂ ಬ್ಯಾಡ ಸಕ್ರೆನೂ ಬ್ಯಾಡ. ಚಾಕಿ ಹುಳಕ್ಕೆ ಒಸಿ ಒಸಿ ಹಾಕ್ತೀವಿ, ದಿನಕ್ಕೆ ಎಷ್ಟೋ ಸಲ ಹಾಕ್ತೀವಿ. ಒಂದೇ ಸಲ ಸುರೀತೀವಾ? ಹಾಲು ಕಕ್ದೇಟ್ಗೆ ಬಾಯಿಗೆ ತುರುಕ್ಬ್ಯಾಡಿ. ಅದೇ ಬಾಯಿ ಹುಡುಕೋ ಗಂಟ ಕಾಯ್ರಿ.” ಆಮೇಲೆ ನನ್ನನ್ನು ಕಂಬಕ್ಕೆ ಒರಗಿಸಿ ನಿಲ್ಲಿಸಿದಳು. ಕೂಸಿನ ಗಲ್ಲ ನನ್ನ ಹೆಗಲ ಮೇಲೆ ಬರುವ ಹಾಗೆ ನೆಟ್ಟಗೆ ಇಟ್ಟು, ಬೆನ್ನಿನ ಮೇಲೆ ನನ್ನ ಕೈ ಇಡಿಸಿದಳು. “ನೀನು ಇವತ್ತಿಂದ ತಾತ ಅಲ್ಲ, ಕಂಬ. ಅಲುಗಬ್ಯಾಡ.”

“ಎಷ್ಟೊತ್ತು ಅವ್ವ?”

“ನಾನು ಒಂದು ತಟ್ಟೆ ಸೊಪ್ಪು ಹೆಚ್ಚೋ ಗಂಟ.”

ಅಲ್ಲೇ ಹಲಗೆ ತರಿಸಿಕೊಂಡು ಹೆಚ್ಚತೊಡಗಿದಳು. ಚಾಕಿ ಹುಳುವಿನ ಸೊಪ್ಪನ್ನು ಎಳೆಎಳೆಯಾಗಿ ಹೆಚ್ಚಬೇಕು. ಸರ್, ಸರ್, ಸರ್. ಒಂದೇ ಸಮನೆ ಸದ್ದು. ಕೂಸು ಕಣ್ಣರಳಿಸಿ ಆ ಕಡೆಯೇ ಕಿವಿ ಕೊಟ್ಟಿತು. ಅರ್ಧ ತಟ್ಟೆಯಾಗುವಷ್ಟರಲ್ಲಿ ನನ್ನ ಕಿವಿ ಪಕ್ಕದಲ್ಲೇ ಒಂದು ತೇಗು ಬಂತು. ಇಷ್ಟು ಪುಟ್ಟ ಹೊಟ್ಟೆಯಿಂದ ಅಷ್ಟು ದೊಡ್ಡ ತೇಗು! ನಾನು ಕುಣಿಯಬೇಕೆಂದು ಕಾಲೆತ್ತಿದೆ.

“ಕಂಬ!” ಎಂದು ಗದರಿದಳು.

ಹದಿನೈದು ದಿನವೂ ಅವಳು ಹೊತ್ತಿಗೆ ಸರಿಯಾಗಿ ಸೊಪ್ಪು ತಂದು ನಮ್ಮ ಜಗಲಿಯಲ್ಲೇ ಹೆಚ್ಚಿದಳು. ಅವಳಿಲ್ಲದ ಹೊತ್ತಿನಲ್ಲಿ ಮಗಳು ಗಡಿಯಾರ ನೋಡಿದಳು, ಅರ್ಧ ಗಂಟೆ. ಕಕ್ಕುವುದು ಪೂರ್ತಿ ನಿಂತಿತೆಂದು ಸುಳ್ಳು ಹೇಳಲಾರೆ. ನಿನ್ನೆಯೂ ಕಟವಾಯಿಯಲ್ಲಿ ಒಸಿ ಬಂತು, ಅದನ್ನು ನೋಡಿ ಯಾರೂ ಓಡಾಡಲಿಲ್ಲ, ಒರೆಸಿ ಸುಮ್ಮನಾದೆವು. ಮಗಳು ಈಗ ಅಳುವುದಿಲ್ಲ. ನಮ್ಮನೆಯವಳು ಬಜೆಯ ಕೊನೆಯ ತುಂಡನ್ನು ಒಲೆಗೆ ಹಾಕಿದಳು. ಚಾಕಿ ಅವ್ವ ಬಂದಾಗೆಲ್ಲ ಬಕೆಟ್ಟಿಗೆ ಹೊಸ ನೀರು ತುಂಬಿ ಬಾಗಿಲಲ್ಲಿ ಇಡುತ್ತಿದ್ದಳು. ಕ್ಷಮಿಸು ಎಂಬ ಮಾತು ಅವಳಿಗೆ ನನ್ನ ಹತ್ತಿರವೂ ಬರುವುದಿಲ್ಲ, ನೀರು ತುಂಬಿಡುವುದು ಬರುತ್ತದೆ.

ಇವತ್ತು ತೂಕ ಗೊತ್ತಾಗಿ ಅಳಿಯ ಮಾಗಡಿಯಿಂದ ಬಸ್ಸು ಬದಲಿಸಿ ಬದಲಿಸಿ ಸಂಜೆಗೆ ಬಂದ, ಕೈಯಲ್ಲಿ ಚನ್ನಪಟ್ಟಣದ ಗಿಲಕಿ. ಚಪ್ಪಲಿ ಬಿಟ್ಟವನೇ ಕೂಸನ್ನು ಮೇಲಕ್ಕೆ ಎಸೆದು ಹಿಡಿಯಲು ಕೈ ಚಾಚಿದ. ಆಗಷ್ಟೇ ಹಾಲು ಕುಡಿದಿದ್ದಳು. ಮನೆಯವರೆಲ್ಲ ಒಟ್ಟಿಗೆ ಕೂಗಿದೆವು: “ಕೈ ತೊಳ್ಕಳಿ! ಕುಣಿಸ್ಬ್ಯಾಡಿ!” ಪಾಪ, ಆಸ್ಪತ್ರೆಗೆ ಬಂದೆನೋ ಮಾವನ ಮನೆಗೆ ಬಂದೆನೋ ಎಂಬ ಹಾಗೆ ನಿಂತುಬಿಟ್ಟ.

ನಾಟಿ ಕೋಳಿ ಸಾರು, ಮುದ್ದೆ. ಎಲ್ಲರೂ ಸಾಲಾಗಿ ಕೂತೆವು. ಚಾಕಿ ಅವ್ವನನ್ನು ಕರೆಯಲು ನಮ್ಮನೆಯವಳೇ ಹೋಗಿದ್ದಳು. ನಾನು ಬೇಡವೆಂದಿದ್ದೆ. ಅವಳು ಎಲ್ಲೂ ಉಣ್ಣುವುದಿಲ್ಲ, ಹುಳು ಕಾಯುತ್ತವೆ ಎಂದಿದ್ದೆ. ನೋಡಿದರೆ ಇಬ್ಬರೂ ಜೊತೆಗೆ ಬರುತ್ತಿದ್ದಾರೆ!

“ಹುಳ, ಅವ್ವ?” ಎಂದೆ.

“ಎರಡನೇ ಜ್ವರಕ್ಕೆ ಕೂತವೆ ಕಣ್ಲಾ. ಇವತ್ತು ಸೊಪ್ಪು ಹಾಕಂಗಿಲ್ಲ. ನಿನ್ನಂಗೆ ಸುರಿಯೋಳೇನ್ಲಾ ನಾನು?” ಎಂದು ಕೈ ತೊಳೆದು, ನನ್ನ ಮಗಳ ಪಕ್ಕದಲ್ಲಿ, ತಟ್ಟೆಯ ಮುಂದೆ ಕೂತಳು. ಇಷ್ಟು ವರ್ಷದಲ್ಲಿ ಅವಳು ಉಣ್ಣುವುದನ್ನು ನಾನು ನೋಡಿದ್ದು ಇವತ್ತೇ. ಕಪ್ಪು ಬೆರಳಲ್ಲಿ ಮುದ್ದೆ ಮುರಿದು, ಸಾರಲ್ಲಿ ಅದ್ದಿ, ನಿಧಾನವಾಗಿ ಉಂಡಳು. ಎಡಹೆಗಲ ಮೇಲೆ ಕೂಸನ್ನು ನೆಟ್ಟಗೆ ಇಟ್ಟುಕೊಂಡು ನಾನು ಬಲಗೈಯಲ್ಲಿ ಉಣ್ಣುತ್ತಿದ್ದೆ. ಅಂದು ಅವಳು ಹೊತ್ತು ತಂದ ಎರಡು ತಟ್ಟೆ ಹುಳುವಿನ ಋಣವೇ ನನ್ನಲ್ಲಿ ಹಾಗೇ ಇದೆ, ಈಗ ಹೆಗಲ ಮೇಲೂ ಒಂದು ಮಲಗಿದೆ ಎಂದುಕೊಂಡೆ.

ತಟ್ಟೆ ಖಾಲಿಯಾಗುವ ಮುಂಚೆಯೇ ನಮ್ಮನೆಯವಳು ಇನ್ನೊಂದು ಮುದ್ದೆ ಹಿಡಿದು ಅವಳ ಮುಂದೆ ಬಗ್ಗಿದಳು. “ಒಂದೇ ಒಂದು ಕಣವ್ವ. ಬ್ಯಾಡ ಅನ್ಬ್ಯಾಡ” ಎಂದಳು.

ಚಾಕಿ ಅವ್ವ ಮುದ್ದೆಯನ್ನು ನೋಡಿದಳು, ಅವಳ ಮುಖವನ್ನೂ ನೋಡಿದಳು.

“ನನ್ನ ಹೊಟ್ಟೆ ಕೇಳಿಲ್ಲ ಕಣವ್ವ, ನಿನ್ನ ಆಸೆ ಕೇಳ್ತಾ ಐತೆ” ಎಂದು ತಟ್ಟೆಯನ್ನು ಮುಂದಕ್ಕೆ ಸರಿಸಿದಳು. “ಇರ್ಲಿ, ಇವತ್ತು ಹಾಕು.”