ಗಂಜಿಯ ಸಕ್ಕರೆ, ನೂಲಿನ ಸಕ್ಕರೆ

ಮಗ್ಗದ ಕಸದಿಂದ ಸಕ್ಕರೆ ಬಂತು ಎಂದು ನಾನು ಇಳಕಲ್ಲಿನ ಅರ್ಧ ಊರಿಗೆ ಪೇಢೆ ಹಂಚಿಬಿಟ್ಟೆ. (ಅವಸರ ನಮ್ಮ ಮನೆತನದ ಗುಣ.)

ಸಕ್ಕರೆ ತೆಗೆದವಳು ನನ್ನ ಅಕ್ಕನ ಮಗಳು ಸವಿತಾ. ಬಾಗಲಕೋಟೆಯಲ್ಲಿ ಪಿಎಚ್‌.ಡಿ. ಮಾಡುತ್ತಾಳೆ. ಹತ್ತಿ ನೂಲೆಂದರೆ ಬಹುಪಾಲು ಸೆಲ್ಯುಲೋಸ್. ಎಂಜೈಮ್ ಹಾಕಿದರೆ ಅದು ಒಡೆದು ಸಕ್ಕರೆಯಾಗುತ್ತದೆ. ಆದರೆ ದುಬಾರಿ ಎಂಜೈಮ್ ಪ್ರತಿ ಸಲವೂ ಸಕ್ಕರೆಯ ಜೊತೆ ಹರಿದುಹೋದರೆ ಹೇಗೆ? ಅದಕ್ಕೇ ಮೆಂಬ್ರೇನ್ ರಿಯಾಕ್ಟರ್. ಒಳಗೊಂದು ಅತಿ ಸಣ್ಣ ಜರಡಿ. ಸಕ್ಕರೆ ನೀರು ಇಳಿದುಹೋಗುತ್ತದೆ, ಎಂಜೈಮ್ ಒಳಗೇ ಉಳಿದು ಮತ್ತೆ ದುಡಿಯುತ್ತದೆ.

ಮಗ್ಗದ ಕೆಳಗೆ ಬೀಳುವ ತುಂಡು ನೂಲನ್ನು ಅವಳು ತನ್ನ ಮನೆಯಿಂದಲೇ, ಅಂದರೆ ಇಳಕಲ್ಲಿನ ನಮ್ಮಕ್ಕನ ಮನೆಯಿಂದಲೇ ಒಯ್ದಿದ್ದಳು. ಸಕ್ಕರೆ ಬೇಗ ಬಂತು, ಬೇಕಾದಷ್ಟು ಬಂತು. ಸಂಶೋಧನೆಗೆ ಒಪ್ಪಿಗೆ ಕೊಡುವ ಸಮಿತಿಯ ಮುಂದೆ ತೋರಿಸು, ದೊಡ್ಡ ರಿಯಾಕ್ಟರಿಗೆ ಒಪ್ಪಿಗೆ ಸಿಕ್ಕಂತೆಯೇ ಎಂದರು ಗೈಡ್.

ಆದರೆ ಜರಡಿ ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ಅಂಟಂಟು ಲೋಳೆ. ಉಳಿದ ನೂಲನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಅಯೋಡಿನ್ ಹನಿಸಿದಳು. ಬಿಳಿ ಎಳೆಗಳು ಕಡುನೀಲಿಯಾದವು.

ಗಂಜಿ! ನೇಯುವಾಗ ಎಳೆ ಹರಿಯದಿರಲಿ ಎಂದು ಹಾಸಿನ ನೂಲಿಗೆ, ಅಂದರೆ ಉದ್ದದ ಎಳೆಗಳಿಗೆ, ಹಚ್ಚುವ ಗಂಜಿ. ನೇಕಾರರ ಮನೆಯಲ್ಲಿ ಅದು ಎಷ್ಟು ರೂಢಿಯೆಂದರೆ, ಅದು ಇದೆ ಎಂಬುದೇ ಅವಳಿಗೆ ನೆನಪಾಗಿರಲಿಲ್ಲ. ಅವಳ ಎಂಜೈಮಿನಲ್ಲಿ ಗಂಜಿ ಒಡೆಯುವ ಅಂಶವೂ ಒಂದಿಷ್ಟು ಇತ್ತಂತೆ. ಹಾಗಾದರೆ ಬಂದ ಸಕ್ಕರೆಯಲ್ಲಿ ನೂಲಿನದೆಷ್ಟು?

ನಾನು ಬುದ್ಧಿ ಹೇಳಿದೆ. ಮೊದಲು ಸಮಿತಿ ಮುಗಿಯಲಿ, ಆಮೇಲೆ ಸರಿಮಾಡಿಕೊ, ಸಕ್ಕರೆ ಸಕ್ಕರೆಯೇ ಅಲ್ಲವೇ?

“ಮಾಮಾ, ಗಂಜಿ ಸಕ್ರಿ ಆಗೋದು ಜಗತ್ತಿಗೇ ಗೊತ್ತೈತಿ. ನಾ ನೂಲಿಂದ ತೆಗಿತೇನಿ ಅಂದೇನಿ. ನೂಲಿಂದನ ತೆಗಿತೇನಿ,” ಅಂದಳು.

ನನಗೆ ಸಿಟ್ಟು ಬಂತು. ಊರಿಗೆ ಏನು ಮುಖ ತೋರಿಸಲಿ?

ಸಮಿತಿಯ ಮುಂದೆ ಅವಳು ತಾನಾಗಿಯೇ ಎಲ್ಲ ಹೇಳಿದಳು. ಒಪ್ಪಿಗೆ ಮುಂದಕ್ಕೆ ಹೋಯಿತು. ಊರಿಗೆ ಬಂದವಳು ಸೀದಾ ಹಿತ್ತಲಿಗೆ ಹೋಗಿ ಹಂಡೆಯಲ್ಲಿ ನೂಲು ಕುದಿಸಿದಳು. ತೊಳೆದಳು, ಅಯೋಡಿನ್ ಹಾಕಿದಳು, ನೀಲಿಯಾದರೆ ಮತ್ತೆ ಕುದಿಸಿದಳು. ಅಕ್ಕ ಊಟಕ್ಕೆ ಕರೆದು ಕರೆದು ಸೋತಳು. ನೀಲಿ ಪೂರಾ ಹೋದ ಮೇಲೆಯೇ ಹುಡುಗಿ ಎದ್ದದ್ದು.

ಇದನ್ನೆಲ್ಲ ಬರೆಯುತ್ತೇನೆ ಎಂದು ಅವಳಿಗೆ ಮೊದಲೇ ಹೇಳಿದ್ದೆ. ನಿನ್ನೆ ಫೋನ್ ಮಾಡಿದ್ದಳು.

“ಈ ಸಲ ಭಾಳ ಕಮ್ಮಿ ಬಂದೈತಿ ಮಾಮಾ. ಆದ್ರ ಇದು ನೂಲಿಂದು. ಬರೆಯೋದಿದ್ರ ಇದನ್ನ ಬರೀರಿ.”

ಬರೆದಿದ್ದೇನೆ. ಕಮ್ಮಿ ಬಂದದ್ದನ್ನು ಕಮ್ಮಿ ಎಂದೇ ಬರೆಯಿರಿ ಎನ್ನುವ ಫೋನು ನಿಮಗೆ ಈಚೆಗೆ ಯಾರಿಂದಾದರೂ ಬಂದಿತ್ತೇ?